ಹೆರಿಗೆ ಒಂದು ದಿನದ ಮಾತಲ್ಲ

(ಮಂಡ್ಯದಲ್ಲಿ ಗ್ರಾಮ ಪಂಚಾಯಿತಿ ಸದಸ್ಯರು, ಆಶಾ ಕಾರ್ಯಕರ್ತೆಯರು ಮತ್ತು ಸ್ತ್ರೀಶಕ್ತಿ ಸಂಘದವರ ಮುಂದೆ ಹೆರಿಗೆ ತಜ್ಞೆಯೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)

ನಿಮ್ಮಲ್ಲಿ ಮನೆಯಲ್ಲೇ ಹುಟ್ಟಿದವರು ಎಷ್ಟು ಜನ? ಸ್ವಲ್ಪ ಕೈ ಎತ್ತಿ. ಐವತ್ತು ದಾಟಿದವರದು ಹೆಚ್ಚುಕಮ್ಮಿ ಎಲ್ಲರ ಕೈಯೂ ಮೇಲಿದೆ. ಈಗ ನಿಮ್ಮ ಮೊಮ್ಮಕ್ಕಳ ಲೆಕ್ಕ ಹೇಳಿ. ಮನೆಯಲ್ಲಿ ಹುಟ್ಟಿದ ಮೊಮ್ಮಕ್ಕಳಿದ್ದರೆ ಕೈ ಎತ್ತಿ. ಎರಡೋ ಮೂರೋ ಕೈ, ಅಷ್ಟೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವುದೂ ಇದನ್ನೇ. ಕರ್ನಾಟಕದಲ್ಲಿ 100 ಹೆರಿಗೆಯಲ್ಲಿ 97 ಆಸ್ಪತ್ರೆಯಲ್ಲೇ ಆಗುತ್ತಿವೆ.

ಅದರ ಫಲವೂ ಕಣ್ಣಿಗೆ ಕಾಣುತ್ತಿದೆ. 2001–03ರಲ್ಲಿ ನಮ್ಮ ರಾಜ್ಯದಲ್ಲಿ ಒಂದು ಲಕ್ಷ ಮಕ್ಕಳು ಹುಟ್ಟಿದರೆ 228 ತಾಯಂದಿರು ಸಾಯುತ್ತಿದ್ದರು. 2018–20ರ ಹೊತ್ತಿಗೆ ಅದು 69ಕ್ಕೆ ಇಳಿಯಿತು. ಇದರಲ್ಲಿ ದೊಡ್ಡ ಪಾಲು ಇಲ್ಲಿ ಕೂತಿರುವ ಆಶಾ ಅಕ್ಕಂದಿರದು, ದಾದಿಯರದು. ಆದರೆ ಅದೇ ವರ್ಷಗಳಲ್ಲಿ ತಮಿಳುನಾಡಿನ ಲೆಕ್ಕ 54, ಕೇರಳದ್ದು 19. ದಕ್ಷಿಣದ ಐದು ರಾಜ್ಯಗಳಲ್ಲಿ ನಮ್ಮದೇ ಜಾಸ್ತಿ. ಎಚ್.ಡಿ. ಕೋಟೆ ತಾಲ್ಲೂಕಿನ ಗಡಿ ದಾಟಿದರೆ ಕೇರಳದ ವಯನಾಡು. ಅದೇ ಕಾಡು, ಅದೇ ಮಳೆ, ಲೆಕ್ಕ ಮಾತ್ರ ಬೇರೆ.

ಇಲ್ಲಿ ಒಂದು ಪ್ರಶ್ನೆ ಏಳಬೇಕು. ನೂರಕ್ಕೆ 97 ಮಂದಿ ಆಸ್ಪತ್ರೆಗೆ ಬರುತ್ತಿದ್ದಾರೆ ಅಂದಮೇಲೆ ಸಾಯುತ್ತಿರುವವರು ಯಾರು? ಬಾರದೇ ಉಳಿದ ಮೂವರಷ್ಟೇ ಅಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡದ್ದು ನಿಮಗೆ ನೆನಪಿದೆ. ಅವರಿಗೆ ಏರಿಸಿದ ಡ್ರಿಪ್ ಮೇಲೆ ಅನುಮಾನ ಬಂತು. ಆಮೇಲೆ ಸರ್ಕಾರ ಇಡೀ ರಾಜ್ಯದಲ್ಲಿ 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗೆ ಆದ ತಾಯಂದಿರ ಸಾವುಗಳನ್ನು ಪರಿಶೀಲನೆ ಮಾಡಿಸಿತು. ಒಟ್ಟು 464 ಸಾವು. ಅದರಲ್ಲಿ ಸುಮಾರು ಶೇ 70ರಷ್ಟನ್ನು ತಡೆಯಬಹುದಿತ್ತು ಎಂದು ವರದಿ ಹೇಳಿತು. ಡ್ರಿಪ್ಪಿನ ವಿಷಯ ಪತ್ರಿಕೆಯಲ್ಲಿ ದೊಡ್ಡದಾಗಿ ಬಂತು, ಬರಬೇಕಾದದ್ದೇ. ಉಳಿದ ಸಾವುಗಳು ಸದ್ದಿಲ್ಲದೆ ಆದವು. ನಾನು ಇವತ್ತು ಮಾತಾಡುವುದು ಆ ಸದ್ದಿಲ್ಲದ ಸಾವುಗಳ ಬಗ್ಗೆ.

ನನ್ನ ಮಾತು ಒಂದೇ. "ಆಸ್ಪತ್ರೆಗೆ ಸೇರಿಸಿದ್ದೇವೆ, ಇನ್ನು ಡಾಕ್ಟರು ನೋಡಿಕೊಳ್ಳುತ್ತಾರೆ" ಎನ್ನುವುದನ್ನು ನಾವು ಬಿಡಬೇಕು. ಹೆಣ್ಣುಮಗಳ ಜೀವ ಉಳಿಯುವುದೋ ಹೋಗುವುದೋ ತೀರ್ಮಾನವಾಗುವುದು ಹೆರಿಗೆಗೆ ಮುಂಚಿನ ಆರೇಳು ತಿಂಗಳಲ್ಲಿ, ನೋವು ಬಂದ ದಿನದ ಎರಡು ಮೂರು ಗಂಟೆಯಲ್ಲಿ, ಮತ್ತೆ ಬಾಣಂತನದ ಮೊದಲ ವಾರದಲ್ಲಿ. ಈ ಮೂರರಲ್ಲೂ ಊರಿನವರಿಗೆ ಕೆಲಸ ಇದೆ.

ಮೊದಲು ಗಂಟೆಗಳ ಮಾತು. ಡೆಬೋರಾ ಮೈನ್ ಎಂಬ ಸಂಶೋಧಕಿ ಹೆರಿಗೆಯ ಯಾವ ತೊಂದರೆ ಎಷ್ಟು ಹೊತ್ತಿನಲ್ಲಿ ಪ್ರಾಣ ತೆಗೆಯುತ್ತದೆ ಎಂದು ಒಂದು ಅಂದಾಜು ಕೊಟ್ಟಿದ್ದಾರೆ. ಚಿಕಿತ್ಸೆಯೇ ಸಿಗದಿದ್ದರೆ ಹೆರಿಗೆಯಾದ ಮೇಲಿನ ರಕ್ತಸ್ರಾವಕ್ಕೆ ಸರಾಸರಿ 2 ಗಂಟೆ. ಬಿ.ಪಿ. ಏರಿ ಫಿಟ್ಸ್ ಬಂದರೆ 2 ದಿನ. ಮಗು ಅಡ್ಡ ಸಿಕ್ಕಿ ಹೆರಿಗೆ ನಿಂತರೆ 3 ದಿನ. ನಂಜು, ಅಂದರೆ ಸೋಂಕು, ಏರಿದರೆ 6 ದಿನ. ಈ ನಾಲ್ಕು ಅಂಕಿಗಳನ್ನು ಆಶಾ ಅಕ್ಕಂದಿರು ಡೈರಿಯ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

1994ರಲ್ಲಿ ಇದೇ ಮೈನ್ ಮತ್ತು ಸೆರೀನ್ ಥಾಡಿಯಸ್ ಸೇರಿ ಇನ್ನೊಂದು ವಿಷಯ ಹೇಳಿದರು. ತಡ ಮೂರು ಕಡೆ ಆಗುತ್ತದಂತೆ. ಹೋಗೋಣ ಎಂದು ಮನೆಯವರು ತೀರ್ಮಾನ ಮಾಡುವುದರಲ್ಲಿ ಒಂದು. ದಾರಿಯಲ್ಲಿ ಒಂದು. ಆಸ್ಪತ್ರೆ ಬಾಗಿಲಿಗೆ ಬಂದಮೇಲೆ ಚಿಕಿತ್ಸೆ ಶುರುವಾಗುವುದರಲ್ಲಿ ಇನ್ನೊಂದು. ಮೂವತ್ತು ವರ್ಷ ಕಳೆದರೂ ನಾನು ನೋಡುವ ಪ್ರತಿ ಕೇಸಿನಲ್ಲೂ ಈ ಮೂರರಲ್ಲಿ ಒಂದಾದರೂ ಇದ್ದೇ ಇರುತ್ತದೆ.

ಮನೆಯ ತಡ ಹೇಗಿರುತ್ತದೆ ನೋಡಿ. ಎಂಟನೇ ತಿಂಗಳು. ಕಾಲು ಊದಿದೆ, ಸರಿ. ಕೈಯೂ ಊದಿದೆ, ಬಳೆ ಏರುತ್ತಿಲ್ಲ. ಮುಖ ತುಂಬಿಕೊಂಡಿದೆ. ಹುಡುಗಿ "ತಲೆ ಸಿಡೀತಾ ಇದೆ ಅತ್ತೆ, ಕಣ್ಣು ಮಂಜು ಮಂಜು" ಅನ್ನುತ್ತಾಳೆ. ಅತ್ತೆ ಕೆಟ್ಟವರಲ್ಲ. ಅವರು ಕಂಡದ್ದನ್ನೇ ಹೇಳುತ್ತಾರೆ: "ಬಸುರೀಲಿ ಊದ್ಕೊಳ್ಳೋದು ಇದ್ದಿದ್ದೇ ಕಣವ್ವ, ನಾನು ಹೆತ್ತಿಲ್ವಾ?" ಒಂದು ಮಾತ್ರೆ ನುಂಗಿಸಿ ಮಲಗಿಸುತ್ತಾರೆ. ಬೆಳಗಿನ ಜಾವ ಫಿಟ್ಸ್. ಆಗ ಗಾಳಿ ಸೋಕಿದೆ ಎಂದು ಯಂತ್ರ ಕಟ್ಟಿಸಲು ಓಡುವವರು ಈಗಲೂ ಇದ್ದಾರೆ. ಆ ಹುಡುಗಿಗೆ ಬೇಕಿದ್ದದ್ದು ತೋಳಿಗೆ ಒಂದು ಪಟ್ಟಿ ಕಟ್ಟಿ ಬಿ.ಪಿ. ನೋಡುವುದು. 140/90 ಅಥವಾ ಅದಕ್ಕಿಂತ ಮೇಲೆ ಬಂತೋ, ಅವತ್ತೇ ಆಸ್ಪತ್ರೆ. ತಲೆನೋವು, ಕಣ್ಣು ಮಂಜು, ಎದೆಗುಂಡಿಯ ಹತ್ತಿರ ನೋವು ಇದ್ದರೆ ಬೆಳಗಾಗಲಿ ಎಂದು ಕಾಯುವ ಹಾಗೇ ಇಲ್ಲ.

ಇದಕ್ಕೆ ಔಷಧ ಇದೆ. ಹೊಸದೂ ಅಲ್ಲ, ದುಬಾರಿಯೂ ಅಲ್ಲ. ಮೆಗ್ನೀಸಿಯಂ ಸಲ್ಫೇಟ್. 33 ದೇಶಗಳಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಮೇಲೆ ನಡೆದ ಅಧ್ಯಯನ 2002ರಲ್ಲಿ ಹೊರಬಂತು. ಈ ಔಷಧ ಕೊಟ್ಟವರಲ್ಲಿ ಫಿಟ್ಸ್ ಬರುವ ಸಂಭವ ಅರ್ಧಕ್ಕಿಂತ ಕಡಿಮೆಯಾಗಿತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಮೊದಲ ಡೋಸ್ ಸೊಂಟದ ಎರಡೂ ಬದಿಗೆ ಚುಚ್ಚಿ ಕಳಿಸಬಹುದು. ನಿಮ್ಮ ಕೇಂದ್ರದಲ್ಲಿ ಅದು ಇದೆಯಾ, ಅವಧಿ ಮುಗಿದಿಲ್ಲವಾ? ಪಂಚಾಯಿತಿ ಸದಸ್ಯರು ಹೋಗಿ ಕೇಳಬಹುದಾದ ಪ್ರಶ್ನೆ ಇದು. ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಬಾರದು.

ಈಗ ರಕ್ತಹೀನತೆ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೊತ್ತು ಮಾತಾಡುತ್ತೇನೆ, ಯಾಕೆಂದರೆ ಬೇರೆ ತೊಂದರೆಗಳನ್ನು ಸಾವಿನ ಮಟ್ಟಕ್ಕೆ ಒಯ್ಯುವುದು ಇದೇ. ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ ಗರ್ಭಿಣಿಯರಲ್ಲಿ ಶೇ 45.7ರಷ್ಟು ಮಂದಿಗೆ ರಕ್ತ ಕಡಿಮೆ. ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಮ್ಮಿ ಅಷ್ಟೇ ಇತ್ತು. ಹೆರಿಗೆ ಮನೆಯಿಂದ ಆಸ್ಪತ್ರೆಗೆ ಬಂತು, ರಕ್ತ ಮಾತ್ರ ಇದ್ದಲ್ಲೇ ಇದೆ. ಹಿಮೋಗ್ಲೋಬಿನ್ 12 ಗ್ರಾಂ ಇರುವವಳಿಗೆ ಹೆರಿಗೆಯಲ್ಲಿ ಮುಕ್ಕಾಲು ಲೀಟರ್ ರಕ್ತ ಹೋದರೆ ಸುಸ್ತಾಗುತ್ತಾಳೆ, ಚೇತರಿಸಿಕೊಳ್ಳುತ್ತಾಳೆ. 6 ಗ್ರಾಂ ಇರುವವಳಿಗೆ ಅಷ್ಟೇ ರಕ್ತ ಹೋದರೆ ಎದೆ ತಡೆಯುವುದಿಲ್ಲ. ಇಬ್ಬರಿಗೂ ಹೆರಿಗೆ ಮಾಡಿಸಿದ್ದು ಅದೇ ಡಾಕ್ಟರು, ಅದೇ ಟೇಬಲ್ಲು.

ಕೆಂಪು ಮಾತ್ರೆ ಎಲ್ಲರಿಗೂ ಕೊಡುತ್ತೇವೆ. 60 ಮಿಲಿಗ್ರಾಂ ಕಬ್ಬಿಣ, ಜೊತೆಗೆ ಫೋಲಿಕ್ ಆಸಿಡ್. ಬಸುರಿಯಲ್ಲಿ 180 ದಿನ, ಹೆತ್ತ ಮೇಲೆ 180 ದಿನ, ದಿನಕ್ಕೊಂದು. ರಕ್ತ ಕಡಿಮೆ ಇದ್ದವರಿಗೆ ದಿನಕ್ಕೆರಡು. ಆ ಮಾತ್ರೆ ಎಲ್ಲಿರುತ್ತದೆ ಗೊತ್ತಾ? ಮನೆಗೆ ಭೇಟಿ ಕೊಟ್ಟಾಗ ನಾನು ಕೇಳಿಯೇ ನೋಡುತ್ತೇನೆ. ಪಡಸಾಲೆಯ ಗೂಡಿನಲ್ಲಿ, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಅರಿಸಿನ ಕುಂಕುಮದ ಡಬ್ಬಿಯ ಪಕ್ಕ, ರಬ್ಬರ್ ಬ್ಯಾಂಡ್ ಹಾಕಿದ ಕಟ್ಟು. ಮೂರು ತಿಂಗಳಿನ ಪಟ್ಟಿಗಳು. ಮೊದಲ ಪಟ್ಟಿಯಲ್ಲಿ ನಾಲ್ಕು ಗುಳಿ ಖಾಲಿ, ಉಳಿದದ್ದೆಲ್ಲ ಹಾಗೇ. ತಾಯಿ ಕಾರ್ಡಿನಲ್ಲಿ ಮಾತ್ರ 'ಕೊಡಲಾಗಿದೆ' ಎಂದು ಬರೆದಿರುತ್ತದೆ. ಕೊಟ್ಟದ್ದು ನಿಜ. ನುಂಗಿದ್ದು ಯಾರೂ ನೋಡಿಲ್ಲ.

ಯಾಕೆ ನುಂಗಲಿಲ್ಲ ಎಂದು ಗದರಿಸಬೇಡಿ, ಕೇಳಿ. ವಾಕರಿಕೆ ಬರುತ್ತದೆ. ಮಲ ಕಪ್ಪಾಗುತ್ತದೆ, ಹೆದರಿಕೆಯಾಗುತ್ತದೆ. ಮಗು ಕಪ್ಪಾಗುತ್ತದೆ ಎಂದು ಯಾರೋ ಹೇಳಿರುತ್ತಾರೆ. ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಭಯವೂ ಇದೆ. ಅದಕ್ಕೇ ಊಟವನ್ನೂ ಕಡಿಮೆ ಮಾಡಿಸುವ ಮನೆಗಳಿವೆ. ಇದಕ್ಕೆಲ್ಲ ಉತ್ತರ ಇದೆ. ರಾತ್ರಿ ಊಟವಾಗಿ ಒಂದು ಗಂಟೆ ಬಿಟ್ಟು ನುಂಗಿದರೆ ವಾಕರಿಕೆ ಕಡಿಮೆ. ಮಲ ಕಪ್ಪಾಗುವುದು ಮಾತ್ರೆಯ ಕಬ್ಬಿಣದಿಂದ ಅಷ್ಟೇ, ತೊಂದರೆ ಇಲ್ಲ. ಮಗುವಿನ ಬಣ್ಣಕ್ಕೂ ಮಾತ್ರೆಗೂ ಸಂಬಂಧವೇ ಇಲ್ಲ. ಕ್ಯಾಲ್ಸಿಯಂ ಮಾತ್ರೆ ಜೊತೆಗೆ ಸೇರಿಸಿ ನುಂಗಬಾರದು, ಬೇರೆ ಹೊತ್ತಿಗೆ. ಮುಖ್ಯವಾಗಿ ಟೀ, ಕಾಫಿ. ನಮ್ಮ ಕಡೆ ಊಟದ ಹಿಂದೆಯೇ ಒಂದು ಲೋಟ ಟೀ ಬೇಕೇ ಬೇಕು, ಅಲ್ವಾ? ಆ ಟೀ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬಿಡಿ ಎಂದರೆ ಯಾರೂ ಬಿಡುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಊಟಕ್ಕೂ ಮಾತ್ರೆಗೂ ಒಂದೆರಡು ಗಂಟೆ ದೂರ ಇಟ್ಟು ಕುಡಿಯಿರಿ. ಮುದ್ದೆ, ಸೊಪ್ಪಿನ ಸಾರಿಗೆ ಒಂದು ಹೋಳು ನಿಂಬೆ ಹಿಂಡಿ, ಅದು ಕಬ್ಬಿಣ ಹೀರಿಕೊಳ್ಳಲು ಸಹಾಯ ಮಾಡುತ್ತದೆ. ಏಳನೇ ತಿಂಗಳಾದರೂ ರಕ್ತ ಏರಲಿಲ್ಲ ಎಂದರೆ ಮಾತ್ರೆಯನ್ನೇ ನಂಬಿ ಕೂರಬೇಡಿ. ರಕ್ತನಾಳಕ್ಕೆ ಕೊಡುವ ಕಬ್ಬಿಣದ ಇಂಜೆಕ್ಷನ್ ಇದೆ, ತಾಲ್ಲೂಕು ಆಸ್ಪತ್ರೆಯಲ್ಲಿ ಕೇಳಿ ಹಾಕಿಸಿ. 7 ಗ್ರಾಂಗಿಂತ ಕೆಳಗಿದ್ದರೆ ಅದು ತೀವ್ರ ರಕ್ತಹೀನತೆ, ದೊಡ್ಡ ಆಸ್ಪತ್ರೆಯಲ್ಲೇ ನೋಡಬೇಕು.

2017ರ ಗಾಂಧಿ ಜಯಂತಿಯಂದು ಶುರುವಾದ ಮಾತೃಪೂರ್ಣ ಯೋಜನೆ ಗೊತ್ತಲ್ಲ. ಅಂಗನವಾಡಿಯಲ್ಲಿ ಗರ್ಭಿಣಿ, ಬಾಣಂತಿಗೆ ಮಧ್ಯಾಹ್ನದ ಬಿಸಿಯೂಟ, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ. ಒಳ್ಳೆಯ ಯೋಜನೆ. ಮನೆಯಲ್ಲಿ ಎಲ್ಲರದೂ ಆದಮೇಲೆ ತಳದಲ್ಲಿ ಉಳಿದದ್ದನ್ನು ಉಣ್ಣುವವಳಿಗೆ ಒಂದು ಹೊತ್ತಾದರೂ ತನ್ನದೇ ತಟ್ಟೆ. ಆದರೆ ಕೂಲಿಗೆ ಹೋದವಳು ಮಧ್ಯಾಹ್ನ ಹೇಗೆ ಬರುತ್ತಾಳೆ? ಕಳೆ ತೆಗೆಯುವ ಗದ್ದೆ ಒಂದು ಕಡೆ, ಅಂಗನವಾಡಿ ಇನ್ನೊಂದು ಕಡೆ. ಅಂಗನವಾಡಿ ಯಾವ ಬೀದಿಯಲ್ಲಿದೆ, ಆ ಬೀದಿಗೆ ಯಾರು ಮುಜುಗರವಿಲ್ಲದೆ ಬರಬಲ್ಲರು ಎನ್ನುವುದೂ ಇದೆ. ಜಾತಿಯ ಮಾತು ಇಲ್ಲಿ ಬೇಡ ಎನ್ನುವವರಿಗೆ ಹೇಳುತ್ತೇನೆ, ಇದು ರಕ್ತದ ಮಾತು, ಬಿಟ್ಟು ಹೇಳಲಾಗುವುದಿಲ್ಲ.

ತಾಯಿಯ ಊಟದ ಬಗ್ಗೆ ಜಗತ್ತಿಗೆ ಪಾಠ ಹೇಳಿದ್ದು ನಮ್ಮ ಮೈಸೂರಿನ ಒಂದು ಆಸ್ಪತ್ರೆ. ವಿಷಯ ಸ್ವಲ್ಪ ಆಚೆ ಹೋಗುತ್ತದೆ, ಆದರೂ ನಿಮಗೆ ಗೊತ್ತಿರಲಿ. ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಎನ್ನುತ್ತಾರಲ್ಲ, ಅಲ್ಲಿ 1934ರಿಂದ ಹುಟ್ಟಿದ ಮಕ್ಕಳ ತೂಕವನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. 1990ರ ದಶಕದಲ್ಲಿ ಇಂಗ್ಲೆಂಡಿನ ಸಂಶೋಧಕರು ಇಲ್ಲಿನವರ ಜೊತೆ ಸೇರಿ ಆ ಪುಸ್ತಕ ತೆಗೆದರು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಆಗ ನಡುವಯಸ್ಸಿಗೆ ಬಂದಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11 ಮಂದಿಗೆ ಹೃದ್ರೋಗ. 3.1 ಕಿಲೋ ಅಥವಾ ಅದಕ್ಕಿಂತ ಹೆಚ್ಚು ಇದ್ದವರಲ್ಲಿ ಶೇ 3. 1996ರಲ್ಲಿ ಅದು ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಬಸುರಿಯಲ್ಲಿ ಹಸಿದ ತಾಯಿಯ ಲೆಕ್ಕ ಐವತ್ತು ವರ್ಷ ಆದಮೇಲೆ ಮಗನ ಎದೆಯಲ್ಲಿ ಸಿಕ್ಕಿತು. ಆ ದಾದಿಯರ ಹೆಸರು ನಮಗೆ ಗೊತ್ತಿಲ್ಲ. ದಿನಾ ಸರಿಯಾಗಿ ತೂಗಿ, ಸರಿಯಾಗಿ ಬರೆದರು. ಬರೆಯುವುದೂ ಚಿಕಿತ್ಸೆಯೇ.

ಬರೆಯುವ ಮಾತು ಬಂತಲ್ಲ, ನಮ್ಮ ಕಡೆಯದೇ ಒಂದು ತೊಡಕು ಹೇಳುತ್ತೇನೆ. ಚೊಚ್ಚಲ ಹೆರಿಗೆ ತವರಿನಲ್ಲಿ. ಏಳನೇ ತಿಂಗಳಲ್ಲೋ ಒಂಬತ್ತರಲ್ಲೋ ಸೀಮಂತ ಮುಗಿಸಿ, ಮಡಿಲು ತುಂಬಿಸಿ, ಹುಡುಗಿಯನ್ನು ಅವ್ವನ ಮನೆಗೆ ಕಳಿಸುತ್ತೇವೆ. ಸಂಪ್ರದಾಯ ಚೆಂದವೇ. ಹೆತ್ತ ತಾಯಿಯ ಹತ್ತಿರ ಇರಲಿ ಎನ್ನುವುದರಲ್ಲಿ ದೊಡ್ಡ ಕರುಣೆ ಇದೆ. ಆದರೆ ಕೆ.ಆರ್. ಪೇಟೆ ತಾಲ್ಲೂಕಿನ ಆಶಾ ಆರು ತಿಂಗಳು ನೋಡಿಕೊಂಡ ಹುಡುಗಿ ಮಳವಳ್ಳಿ ತಾಲ್ಲೂಕಿಗೆ ಬಂದಾಗ, ಇಲ್ಲಿನ ಆಶಾಗೆ ಅವಳು ಯಾರೆಂದೇ ಗೊತ್ತಿಲ್ಲ. ಅಲ್ಲಿನ ಪಟ್ಟಿಯಲ್ಲಿ 'ತವರಿಗೆ ಹೋಗಿದ್ದಾರೆ'. ಇಲ್ಲಿನ ಪಟ್ಟಿಯಲ್ಲಿ ಹೆಸರೇ ಇಲ್ಲ. ತಾಯಿ ಕಾರ್ಡು ಗಂಡನ ಮನೆಯ ಬೀರುವಿನಲ್ಲಿ, ಬೀಗದ ಕೈ ಗಂಡನ ಹತ್ತಿರ, ಗಂಡ ಬೆಂಗಳೂರಿನ ಕೆಲಸದಲ್ಲಿ. ಬಿ.ಪಿ. ಏರುವುದು, ರಕ್ತ ಇಳಿಯುವುದು, ಮಗು ಅಡ್ಡ ಇರುವುದು ಗೊತ್ತಾಗಬೇಕಾದ್ದು ಈ ಕೊನೆಯ ಎರಡು ತಿಂಗಳಲ್ಲೇ. ಅದೇ ಎರಡು ತಿಂಗಳು ಅವಳು ಯಾರ ಕಣ್ಣಿಗೂ ಬೀಳುವುದಿಲ್ಲ. ನೋವು ಬಂದು ಆಸ್ಪತ್ರೆಗೆ ಬಂದಾಗ ಅವಳ ರಕ್ತದ ಗುಂಪೂ ನಮಗೆ ಗೊತ್ತಿರುವುದಿಲ್ಲ.

ಇದಕ್ಕೆ ಯಾವ ಹೊಸ ಯೋಜನೆಯೂ ಬೇಡ. ಸೀಮಂತದ ದಿನ ಮಡಿಲಿಗೆ ತೆಂಗಿನಕಾಯಿ, ಎಲೆ ಅಡಿಕೆ ಹಾಕುವಾಗ ತಾಯಿ ಕಾರ್ಡನ್ನೂ ಅದರ ಜೊತೆ ಇಡಿ. ಕಳಿಸುವ ಊರಿನ ಆಶಾ, ಬರಮಾಡಿಕೊಳ್ಳುವ ಊರಿನ ಆಶಾಗೆ ಅವತ್ತೇ ಒಂದು ಫೋನ್ ಮಾಡಲಿ. ಹೆಸರು, ತಿಂಗಳು, ರಕ್ತದ ಗುಂಪು, ಕೊನೆಯ ಬಿ.ಪಿ., ಕೊನೆಯ ಹಿಮೋಗ್ಲೋಬಿನ್. ಎರಡು ನಿಮಿಷದ ಮಾತು. ತವರಿಗೆ ಬಂದ ವಾರದೊಳಗೆ ಅಲ್ಲಿನ ಕೇಂದ್ರದಲ್ಲಿ ಒಂದು ಸಲ ತೋರಿಸಿ. ಪ್ರತಿ ತಿಂಗಳು 9ನೇ ತಾರೀಕು ಡಾಕ್ಟರೇ ಗರ್ಭಿಣಿಯರನ್ನು ನೋಡುವ ದಿನ ಇದೆಯಲ್ಲ, ಅದನ್ನು ತಪ್ಪಿಸಬೇಡಿ.

ಲೆಕ್ಕಕ್ಕೇ ಸಿಗದ ಇನ್ನೊಂದಿಷ್ಟು ಹುಡುಗಿಯರಿದ್ದಾರೆ. ಹದಿನೆಂಟು ತುಂಬದವರು. ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ಶೇ 21ರಷ್ಟು ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು ಎಂದು ಸಮೀಕ್ಷೆ ಹೇಳುತ್ತದೆ. ಬಸುರಾದರೆ ಪೊಲೀಸ್ ಕೇಸು ಆಗುತ್ತದೆ ಎಂದು ಮನೆಯವರು ಬಚ್ಚಿಡುತ್ತಾರೆ. ತಾಯಿ ಕಾರ್ಡು ಮಾಡಿಸುವುದಿಲ್ಲ, ಮಾಡಿಸಿದರೂ ವಯಸ್ಸು ಸುಳ್ಳು. ಕಾನೂನು ಬೇಕು, ಆ ಮದುವೆ ನಿಲ್ಲಲೇಬೇಕು. ಆಸ್ಪತ್ರೆಯವರು ಪೊಲೀಸರಿಗೆ ತಿಳಿಸಲೂಬೇಕು. ಆದರೆ ಅದರ ಹೆದರಿಕೆಯಿಂದ ಆ ಮಗುವಿಗೆ ಚಿಕಿತ್ಸೆ ತಪ್ಪಬಾರದು. ಸೊಂಟವೇ ಬಲಿತಿರದ ಹುಡುಗಿಗೆ ಎಲ್ಲರಿಗಿಂತ ಜಾಸ್ತಿ ಆರೈಕೆ ಬೇಕು, ಸಿಗುತ್ತಿರುವುದು ಎಲ್ಲರಿಗಿಂತ ಕಡಿಮೆ.

ಕಬ್ಬು ಕಡಿಯಲು ಬರುವ ಕುಟುಂಬಗಳದೂ ಹೆಚ್ಚುಕಮ್ಮಿ ಇದೇ ಪಾಡು. ಗದ್ದೆ ಬದಿಯ ಟೆಂಟಿನಲ್ಲಿ ಬಸುರಿ ಇದ್ದಾಳಾ ಎಂದು ನಾವೇ ಹೋಗಿ ನೋಡಬೇಕು. ಅವಳ ಊರು ಯಾವುದಾದರೂ ಅಂಗನವಾಡಿ ಊಟ, ಚುಚ್ಚುಮದ್ದು, ಹೆರಿಗೆ ಎಲ್ಲ ಇಲ್ಲೇ ಸಿಗಬೇಕು.

ಎಚ್.ಡಿ. ಕೋಟೆ, ಸರಗೂರು ಕಡೆಯ ಹಾಡಿಗಳ, ಅಂದರೆ ಕಾಡಿನ ಬುಡಕಟ್ಟು ಜನರ ಕೇರಿಗಳ, ವಿಷಯಕ್ಕೆ ಬರುತ್ತೇನೆ. ನಾನು ಆ ಭಾಗದಲ್ಲಿ ಕೆಲಸ ಮಾಡಿದವಳು. ಜೇನುಕುರುಬರು, ಕಾಡುಕುರುಬರು, ಯರವರು ಇರುವ ಜಾಗ. ಕಬಿನಿ ಜಲಾಶಯ ಬಂತು, ನಾಗರಹೊಳೆ ಅಭಯಾರಣ್ಯವಾಯಿತು, ಎರಡು ಸಲವೂ ಎದ್ದು ಹೋಗಬೇಕಾದವರು ಇವರೇ. ಕೋಟೆಯಿಂದ ಮೈಸೂರಿಗೆ ಸುಮಾರು 50 ಕಿಲೋಮೀಟರ್. ಡಿ.ಬಿ. ಕುಪ್ಪೆ ಕಡೆಯಿಂದ ಕೋಟೆಗೆ ಬರುವುದೇ ಇನ್ನೊಂದು ಪ್ರಯಾಣ. ರಾತ್ರಿ ಕಾಡಿನ ರಸ್ತೆಯಲ್ಲಿ ಆನೆ. ಕೆಲವು ಹಾಡಿಯಲ್ಲಿ ಫೋನ್ ಹಿಡಿದು ಬೇಲಿ ದಾಟಿ, ದಿಬ್ಬ ಹತ್ತಿದರೆ ಮಾತ್ರ ಸಿಗ್ನಲ್. 108ಕ್ಕೆ ಕರೆ ಹೋಗಬೇಕಾದರೆ ಮೊದಲು ಒಬ್ಬ ಆ ದಿಬ್ಬಕ್ಕೆ ಓಡಬೇಕು.

ದೂರವೊಂದೇ ಕಾರಣ ಅಂದುಕೊಳ್ಳಬೇಡಿ. ಹಾಡಿಯ ಹೆಂಗಸರು ಆಸ್ಪತ್ರೆಗೆ ಬರಲು ಹಿಂದೇಟು ಹಾಕುವುದಕ್ಕೆ ನಾನು ಕಂಡ ದೊಡ್ಡ ಕಾರಣ ನಮ್ಮ ಬಾಯಿ. "ಸ್ನಾನ ಮಾಡಿ ಬರೋಕಾಗಲ್ವಾ", "ಇಷ್ಟು ಹೊತ್ತು ಎಲ್ಲಿ ಹೋಗಿದ್ರಿ", ಸುಮ್ನೆ ಏಕವಚನ. ನೋವಿನಲ್ಲಿರುವವಳನ್ನು ಒಬ್ಬಳೇ ಒಳಗೆ ಕರೆದುಕೊಂಡು ಬಾಗಿಲು ಹಾಕುತ್ತೇವೆ. ಅವಳ ಹಾಡಿಯಲ್ಲಿ ಹೆರಿಗೆ ಎಂದರೆ ಬೆನ್ನ ಹಿಂದೆ ಒಬ್ಬ ಅಜ್ಜಿ ಕೂತು ಹಿಡಿದುಕೊಂಡಿರುತ್ತಾಳೆ, ಮುಂದೆ ಇನ್ನೊಬ್ಬಳು. ಹೆರಿಗೆಯ ಹೊತ್ತಿನಲ್ಲಿ ಜೊತೆಗೆ ಒಬ್ಬ ಹೆಂಗಸು ಇರಬಹುದು ಎಂದು ಕೇಂದ್ರ ಆರೋಗ್ಯ ಇಲಾಖೆ 2016ರಲ್ಲೇ ಹೇಳಿದೆ. ಆ ಅಜ್ಜಿಯನ್ನೇ ಒಳಗೆ ಕರೆಯಿರಿ. ನಾವು ಕರೆದೆವು. ಒಬ್ಬ ಅಜ್ಜಿ ಒಳಗೆ ಬಂದು ಒಂದು ಹೆರಿಗೆ ನೋಡಿ ಹೋದಳೆಂದರೆ, ಮುಂದಿನ ಬಸುರಿಯನ್ನು ಅವಳೇ ಕೈ ಹಿಡಿದು ಕರೆತರುತ್ತಿದ್ದಳು. ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಹಾಡಿಯಲ್ಲಿ ಬದುಕಿರುವ ಸೂಲಗಿತ್ತಿಯರಿಗೆ ಆಸ್ಪತ್ರೆಯಲ್ಲಿ ಕೂರಲು ಒಂದು ಕುರ್ಚಿಯನ್ನಾದರೂ ಕೊಡೋಣ.

ಇನ್ನೊಂದು ದಾರಿ, ದಿನ ಹತ್ತಿರ ಬಂದಾಗ ಆಸ್ಪತ್ರೆ ಪಕ್ಕದಲ್ಲೇ ಬಂದು ಉಳಿಯುವ ಮನೆ. ಒಡಿಶಾದಲ್ಲಿ ಸರ್ಕಾರವೇ ದೂರದ ಬುಡಕಟ್ಟು ತಾಯಂದಿರಿಗಾಗಿ 'ಮಾ ಗೃಹ' ಎಂದು ಮಾಡಿದೆ. ನಮ್ಮಲ್ಲೂ ಬೇಕು. ಆದರೆ ಚಿಕ್ಕ ಮಕ್ಕಳನ್ನೂ ಜೊತೆಗೆ ಕರೆತರಲು ಬಿಡಬೇಕು, ಕೂಲಿ ಹೋದದ್ದಕ್ಕೆ ಏನಾದರೂ ಕೊಡಬೇಕು. ಇಲ್ಲದಿದ್ದರೆ ಕಟ್ಟಡ ಇರುತ್ತದೆ, ತಾಯಂದಿರು ಇರುವುದಿಲ್ಲ. ಹಾಡಿಗಳಲ್ಲಿ ಕುಡಗೋಲು ಕಣದ ರಕ್ತಹೀನತೆ, ಸಿಕಲ್ ಸೆಲ್, ಕೂಡ ಇದೆ. ಅದನ್ನು ಬಸುರಿಯಾಗುವ ಮೊದಲೇ ಪರೀಕ್ಷೆ ಮಾಡಿ ತಿಳಿದುಕೊಳ್ಳಬೇಕು.

ಈಗ ರಕ್ತಸ್ರಾವದ ಆ ಎರಡು ಗಂಟೆ. ತುಂಬಿದ ಬಸುರಿಯಲ್ಲಿ ಗರ್ಭಕೋಶಕ್ಕೆ ನಿಮಿಷಕ್ಕೆ ಅರ್ಧ ಲೀಟರ್‌ಗೂ ಹೆಚ್ಚು ರಕ್ತ ಹರಿಯುತ್ತಿರುತ್ತದೆ. ಮಗು ಹುಟ್ಟಿ ಕಸ, ಅಂದರೆ ಮಾಸು, ಬಿದ್ದಮೇಲೆ ಗರ್ಭಕೋಶ ಬಿಗಿಯಾಗಿ ಮುದುಡಿಕೊಳ್ಳಬೇಕು, ಆಗ ರಕ್ತ ನಿಲ್ಲುತ್ತದೆ. ಮುದುಡದಿದ್ದರೆ ಹರಿಯುತ್ತಲೇ ಇರುತ್ತದೆ. ಅದಕ್ಕೇ ಮಗು ಹುಟ್ಟಿದ ಒಂದು ನಿಮಿಷದೊಳಗೆ 10 ಯೂನಿಟ್ ಆಕ್ಸಿಟೋಸಿನ್ ಇಂಜೆಕ್ಷನ್. ಆ ಔಷಧವನ್ನು 2ರಿಂದ 8 ಡಿಗ್ರಿ ತಂಪಿನಲ್ಲೇ ಇಡಬೇಕು. ಕರೆಂಟು ಹೋಗಿ ಫ್ರಿಜ್ ನಿಂತರೆ, ಬಾಟಲಿಯ ಮೇಲೆ ಹೆಸರು ಇರುತ್ತದೆ, ಒಳಗಿನ ಶಕ್ತಿ ಇರುವುದಿಲ್ಲ. ನಿಮ್ಮೂರ ಕೇಂದ್ರಕ್ಕೆ ಯು.ಪಿ.ಎಸ್. ಇದೆಯಾ ಎಂದು ನೋಡುವುದೂ ತಾಯಿ ಜೀವ ಉಳಿಸುವ ಕೆಲಸವೇ.

ಎಷ್ಟು ರಕ್ತ ಹೋಯಿತು ಎನ್ನುವುದನ್ನು ಕಣ್ಣಂದಾಜಿನಲ್ಲಿ ಹೇಳುವುದೇ ನಮ್ಮ ಅಭ್ಯಾಸ. ಬಟ್ಟೆಯಲ್ಲಿ ಇಂಗಿದ್ದು, ನೆಲದಲ್ಲಿ ಹರಿದದ್ದು, ಬಕೆಟ್ಟಿಗೆ ಬಿದ್ದದ್ದು ಸೇರಿದರೆ ಎಷ್ಟಾಯಿತು? ಎಷ್ಟು ಅನುಭವ ಇದ್ದರೂ ಕಡಿಮೆಯೇ ಅಂದಾಜಾಗುತ್ತದೆ. ಆಫ್ರಿಕಾದ ನಾಲ್ಕು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ತಾಯಂದಿರ ಮೇಲೆ ನಡೆದ ಅಧ್ಯಯನ 2023ರಲ್ಲಿ ಬಂತು. ಅವರು ಮಾಡಿದ್ದು ಇಷ್ಟೇ. ತಾಯಿಯ ಕೆಳಗೆ ಅಳತೆಯ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲ ಇಟ್ಟರು. ಗೆರೆ ಮುಟ್ಟುತ್ತಲೇ ಹೊಟ್ಟೆ ನೀವುವುದು, ಆಕ್ಸಿಟೋಸಿನ್, ರಕ್ತ ನಿಲ್ಲಿಸುವ ಟ್ರಾನೆಕ್ಸಾಮಿಕ್ ಆಸಿಡ್, ಡ್ರಿಪ್, ಒಳ ಪರೀಕ್ಷೆ, ಎಲ್ಲವನ್ನೂ ಒಟ್ಟಿಗೇ ಶುರುಮಾಡಿದರು. ಒಂದು ಮಾಡಿ ನೋಡೋಣ, ಆಗದಿದ್ದರೆ ಇನ್ನೊಂದು ಎಂದು ಕಾಯಲಿಲ್ಲ. ತೀವ್ರ ರಕ್ತಸ್ರಾವ ಮತ್ತು ಅದರಿಂದಾಗುವ ಅನಾಹುತ ಶೇ 60ರಷ್ಟು ಇಳಿಯಿತು. ಗೆರೆ ಹಾಕಿದ ಒಂದು ಚೀಲ! ಪ್ರತಿ ಹೆರಿಗೆ ಕೋಣೆಯಲ್ಲೂ ಇದು ಇರಲೇಬೇಕು ಎಂದು ನಾನು ಹೋದಲ್ಲೆಲ್ಲ ಹೇಳುತ್ತೇನೆ.

ಕೆಳಗಿನ ಆಸ್ಪತ್ರೆಯಿಂದ ಮೇಲಕ್ಕೆ ಕಳಿಸುವಾಗಲೂ ಹೊತ್ತು ಸೋರುತ್ತದೆ. ಕೇಂದ್ರದಿಂದ ತಾಲ್ಲೂಕಿಗೆ, ಅಲ್ಲಿ ಅರಿವಳಿಕೆ ಡಾಕ್ಟರು ಇಲ್ಲ ಎಂದು ಮಂಡ್ಯದ ಮಿಮ್ಸ್ ಆಸ್ಪತ್ರೆಗೆ, ಕೆಲವೊಮ್ಮೆ ಅಲ್ಲಿಂದ ಮೈಸೂರಿನ ಚೆಲುವಾಂಬ ಆಸ್ಪತ್ರೆಗೆ. ಪ್ರತಿ ಬಾಗಿಲಲ್ಲೂ ಮತ್ತೆ ಹೆಸರು, ಮತ್ತೆ ಚೀಟಿ. ಹೊರಡುವ ಮೊದಲೇ ಮೇಲಿನವರಿಗೆ ಫೋನ್ ಮಾಡಿ "ಇಂಥ ಗುಂಪಿನ ರಕ್ತ ಸಿದ್ಧ ಇಡಿ, ಇಷ್ಟು ಹೊತ್ತಿಗೆ ಬರುತ್ತೇವೆ" ಎಂದರೆ ಅರ್ಧ ಗಂಟೆ ಉಳಿಯುತ್ತದೆ. ಎರಡು ಗಂಟೆಯಲ್ಲಿ ಅರ್ಧ ಗಂಟೆ ಎಂದರೆ ಕಾಲು ಭಾಗ. ರಕ್ತ ಕೊಡುವ ವಿಷಯಕ್ಕೆ ಬಂದರೆ, ಗಂಡನ ರಕ್ತ ತೆಗೆದರೆ ದುಡಿಯುವ ಶಕ್ತಿ ಹೋಗುತ್ತದೆ ಎಂದು ತಡೆಯುವ ಮನೆಗಳು ಇನ್ನೂ ಇವೆ. ಹೋಗುವುದಿಲ್ಲ. ಯುವಕ ಸಂಘದ ಹುಡುಗರು ಇದ್ದೀರಲ್ಲ, ಊರಿನಲ್ಲಿ ಯಾರ ಗುಂಪು ಯಾವುದು ಎಂದು ಒಂದು ಪಟ್ಟಿ ಮಾಡಿ ಆಶಾ ಕೈಗೆ ಕೊಡಿ.

ಕೊನೆಗೆ ಬಾಣಂತನ. ಹೆರಿಗೆಯಾದ ಮರುದಿನವೇ "ಡಿಸ್ಚಾರ್ಜ್ ಮಾಡಿ ಮೇಡಂ, ಮನೇಲಿ ದನ ಕರ ಇವೆ" ಎಂದು ಹಟ ಮಾಡಬೇಡಿ. ಕನಿಷ್ಠ 48 ಗಂಟೆ ಇರಲಿ. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಗೆ 3 ದಿನ, ಸಿಸೇರಿಯನ್‌ಗೆ 7 ದಿನದವರೆಗೆ ಊಟ ಉಚಿತ. ಮನೆಗೆ ಬಿಡಲು ನಗು-ಮಗು ವಾಹನ ಇದೆ. ಮನೆಗೆ ಬಂದಮೇಲೆ ಕಿಟಕಿ ಮುಚ್ಚಿದ ಕೋಣೆ, ಮಂಚದ ಕೆಳಗೆ ಕೆಂಡ, ಕಿವಿಗೆ ಹತ್ತಿ, ಮೆಣಸಿನ ಸಾರು ಅನ್ನ. ಬಿಸಿನೀರಿನ ಸ್ನಾನ, ಎಣ್ಣೆ, ವಿಶ್ರಾಂತಿ ಎಲ್ಲ ಒಳ್ಳೆಯದೇ. ನೀರು ಕೊಡದಿರುವುದು ಮಾತ್ರ ತಪ್ಪು. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಮಗುವಿಗೆ ಶೀತ ಆಗುತ್ತದೆ ಎಂದು ದಿನಕ್ಕೆ ಎರಡು ಲೋಟ ಕೊಟ್ಟರೆ ಹಾಲು ಕೊಡುವ ತಾಯಿ ಬಳಲುತ್ತಾಳೆ. ಸೊಪ್ಪು, ತರಕಾರಿ, ಕಾಳು ನಂಜು ಎಂದು ಬಿಡಿಸಿದರೆ ಹೋದ ರಕ್ತ ಎಲ್ಲಿಂದ ಬರಬೇಕು?

ಬಾಣಂತಿಗೆ ಜ್ವರ ಬಂದರೆ, ಹೋಗುವ ನೆತ್ತರಿಗೆ ಕೆಟ್ಟ ವಾಸನೆ ಇದ್ದರೆ, ಕೆಳಹೊಟ್ಟೆ ನೋವಿದ್ದರೆ ಅದು ಹಾಲಿನ ಜ್ವರ ಎಂದು ಕೂರಬೇಡಿ. ನಂಜಿಗೆ ಆರು ದಿನ ಎಂದು ಆಗಲೇ ಹೇಳಿದೆನಲ್ಲ. ಆಶಾ ಅಕ್ಕ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರುವುದು ಮಗು ನೋಡಲು ಮಾತ್ರವಲ್ಲ. ಕೋಣೆಯ ಒಳಗೆ ಬಿಡಿ. ಮೈಲಿಗೆ, ದೃಷ್ಟಿ ಎಂದು ಬಾಗಿಲಲ್ಲೇ ನಿಲ್ಲಿಸಬೇಡಿ. ಬಾಣಂತಿ ಮಾತು ಬಿಟ್ಟರೆ, ಮಗುವನ್ನು ಮುಟ್ಟದೆ ಗೋಡೆ ನೋಡುತ್ತಾ ಕೂತರೆ, ನಿದ್ದೆಯೇ ಇಲ್ಲದೆ ಏನೇನೋ ಮಾತಾಡಿದರೆ ಅದೂ ಕಾಯಿಲೆಯೇ. ಅದಕ್ಕೂ ಡಾಕ್ಟರು ಇದ್ದಾರೆ.

ಆಗಲೇ ಒಬ್ಬ ಆಶಾ ಅಕ್ಕ ಕೇಳಿದರು, "ನಾವು ಎಷ್ಟು ಹೇಳಿದರೂ ಮನೆಯವರು ಕೇಳದಿದ್ದರೆ ಏನು ಮಾಡೋದು ಮೇಡಂ?" ನ್ಯಾಯವಾದ ಪ್ರಶ್ನೆ. ನೀವೊಬ್ಬರೇ ಹೋಗಿ ಹೇಳಿದರೆ ಕೇಳದಿರಬಹುದು. ಅದಕ್ಕೇ ಪಂಚಾಯಿತಿ ಸದಸ್ಯರನ್ನೂ ಇಲ್ಲಿ ಕೂರಿಸಿರುವುದು. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿ ಎಂದು ಪ್ರತಿ ಊರಿಗೂ ಇದೆ, ಅದಕ್ಕೆ ಪಂಚಾಯಿತಿ ಸದಸ್ಯರೇ ಮುಂದಾಳು. ಸಮಿತಿಯೇ ತೀರ್ಮಾನಿಸಿ ಖರ್ಚು ಮಾಡಲು ವರ್ಷಕ್ಕೆ 10,000 ರೂಪಾಯಿ ಹಣವೂ ಬರಬೇಕು. ರಾತ್ರಿ 108 ತಡವಾದರೆ ಊರಿನ ಕಾರಿಗೆ ಡೀಸೆಲ್ ಹಾಕಿಸಲು ಆ ಹಣ ಬಳಸಬಹುದು. ತಿಂಗಳಿಗೊಮ್ಮೆ ಆ ಸಮಿತಿ ಸೇರಲಿ. ಈ ತಿಂಗಳು ಯಾರಿಗೆ ದಿನ ತುಂಬುತ್ತದೆ, ಅವರಲ್ಲಿ ಯಾರಿಗೆ ರಕ್ತ ಕಡಿಮೆ, ಯಾರಿಗೆ ಬಿ.ಪಿ., ಯಾರು ತವರಿಗೆ ಹೋದರು, ಯಾರು ತವರಿಗೆ ಬಂದರು, ರಾತ್ರಿ ಯಾರ ವಾಹನ, ಯಾರ ಫೋನ್ ನಂಬರು. ಇಷ್ಟು ಬರೆದುಕೊಳ್ಳಿ. ಮನೆಯವರು ಒಪ್ಪದಿದ್ದರೆ ಆಶಾ ಜೊತೆ ಸದಸ್ಯರೂ ಹೋಗಿ ಅತ್ತೆ, ಗಂಡ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿ. ಊರಿನಲ್ಲಿ ಒಬ್ಬ ತಾಯಿ ತೀರಿಕೊಂಡರೆ, ವಿಚಾರಣೆಗೆ ಬಂದವರ ಮುಂದೆ ಬಾಯಿ ಮುಚ್ಚಿಕೊಳ್ಳಬೇಡಿ. ಅದು ಯಾರನ್ನೋ ಹಿಡಿದು ಹಾಕಲು ಮಾಡುವ ವಿಚಾರಣೆ ಅಲ್ಲ. ಯಾವ ಹೊತ್ತಿಗೆ ನೋವು ಬಂತು, ಎಷ್ಟು ಹೊತ್ತಿಗೆ ಗಾಡಿ ಸಿಕ್ಕಿತು, ಯಾವ ಬಾಗಿಲಲ್ಲಿ ಎಷ್ಟು ಕಾಯಿಸಿದರು ಎಂದು ನೀವು ಹೇಳಿದರೆ ಮಾತ್ರ ಮುಂದಿನವಳಿಗೆ ಆ ಬಾಗಿಲು ಬೇಗ ತೆಗೆಯುತ್ತದೆ. ಹೇಳುವಾಗ ಆಸ್ಪತ್ರೆಯವರ ಮುಲಾಜು ಇಟ್ಟುಕೊಳ್ಳಬೇಡಿ, ನನ್ನದೂ ಸೇರಿ.